ಡೊಂಕು ಕಳ್ಳಿ ಮತ್ತು ಒಂದು ತಿದ್ದುಪಡಿ

ನಮ್ಮ ಪಡಸಾಲೆಯ ಕಿಟಕಿಯಲ್ಲಿ ಒಂದು ಕಳ್ಳಿಗಿಡವಿತ್ತು. 'ಇತ್ತು' ಎಂದು ಬರೆಯುವಾಗ ಕೊಂಚ ತಡವರಿಸುತ್ತೇನೆ. ಏಕೆಂದರೆ ಅದು ಸತ್ತಿಲ್ಲ, ಎರಡಾಗಿದೆ. ಬುಡ ಒಂದು ಕುಂಡದಲ್ಲಿದೆ, ತಲೆ ಇನ್ನೊಂದರಲ್ಲಿ. ಎರಡೂ ಜೀವಂತವಾಗಿವೆ. ಆದರೆ ಇಪ್ಪತ್ತನಾಲ್ಕು ವರ್ಷ ಒಂದೇ ಮೈಯಾಗಿ ಬೆಳೆದಿದ್ದ ಆ ಡೊಂಕು ಗಿಡ ಈಗ ಇಲ್ಲ. ಅದನ್ನು ನೆಟ್ಟಗೆ ಮಾಡಲು ಹೋಗಿ ಮುರಿದವನು ನಾನು.

1998ರ ಮಳೆಗಾಲದ ಕೊನೆಗೆ, ಕಾಲೇಜಿನಲ್ಲಿ ಅಧ್ಯಾಪಕನಾಗಿ ಸೇರಿದ ಹೊಸತರಲ್ಲಿ, ಸಸ್ಯಶಾಸ್ತ್ರ ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರು ಗೇಣುದ್ದದ ಒಂದು ತುಂಡನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ನನ್ನ ಕೈಗಿತ್ತರು. ಕನ್ನಡ ಮೇಷ್ಟ್ರುಗಳಿಗೆ ಗಿಡಕ್ಕೆ ನೀರು ಹಾಕುವ ನೆನಪಿರುವುದಿಲ್ಲ, ಇದಕ್ಕೆ ನೆನಪಿರದಿದ್ದರೇ ಕ್ಷೇಮ ಎಂಬುದು ಅವರ ವಿನೋದ. ಸೀರಿಯಸ್ ಎಂಬ ಕುಲಕ್ಕೆ ಸೇರಿದ, ಏಣುಗಳುಳ್ಳ ಕಂಬದಂತೆ ಬೆಳೆಯುವ ಕಳ್ಳಿ ಅದು. ಲ್ಯಾಟಿನ್ನಿನಲ್ಲಿ ಆ ಹೆಸರಿಗೆ ಮೇಣದ ಬತ್ತಿ ಎಂದರ್ಥವಂತೆ. ನೆಟ್ಟಗೆ ನಿಂತಿರುತ್ತದೆಂಬ ಕಾರಣಕ್ಕೆ ಆ ಹೆಸರು. ನಮ್ಮ ಮನೆಯಲ್ಲಿ ಅದು ಆ ಹೆಸರನ್ನು ಉಳಿಸಿಕೊಳ್ಳಲಿಲ್ಲ.

ಧಾರವಾಡದ ಹೆಬ್ಬಳ್ಳಿ ಅಗಸಿಯಿಂದ ಹೊರಟ ರಸ್ತೆ ಯಾವ ಊರಿಗೆ ಹೋಗುತ್ತದೆಯೋ ಆ ಊರು ನನ್ನದು. 'ಪಿರಿಯ ಪಳ್ಳಿ'ಯು ಪೆರ್ಬಳ್ಳಿಯಾಗಿ, ಪಕಾರ ಹಕಾರವಾಗಿ, ರೇಫೆ ಮುಂದಿನ ವ್ಯಂಜನದಲ್ಲಿ ಕರಗಿ ಹೆಬ್ಬಳ್ಳಿಯಾದ ಬಗೆಯನ್ನು ಪ್ರತಿವರ್ಷ ಬಿ.ಎ. ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಸ್ವಂತ ಊರಿನ ಮೇಲಿನ ಅಭಿಮಾನಕ್ಕೆ ಭಾಷಾಶಾಸ್ತ್ರ ಒಂದು ನೆಪ. ಅಂದು ಸಂಜೆ ಬಸ್ಸಿಳಿದು ಮನೆ ಮುಟ್ಟಿದಾಗ ಅವ್ವ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಪತ್ರಿಕೆಯ ಸುರುಳಿ ಬಿಚ್ಚಿದೊಡನೆ ಮರದಿಂದ ಕೈ ತೆಗೆದು, "ಕಳ್ಳಿ ಯಾಕ ತಂದೀಯೋ ಮನಿಗೆ? ಅದು ಹೊಲದ ಬದುವಿನ್ಯಾಗ ಇರೂದು" ಎಂದಳು.

ಅವ್ವನ ಆಕ್ಷೇಪದಲ್ಲಿ ಒಂದು ಹಳೆಯ ನಿಘಂಟು ಇತ್ತು. ನಮ್ಮ ಭಾಷೆಯ 'ಕಳ್ಳಿ' ಮೂಲತಃ ಕ್ಯಾಕ್ಟಸ್ ಅಲ್ಲವೇ ಅಲ್ಲ. ಕ್ಯಾಕ್ಟಸ್ ಕುಟುಂಬದ ಗಿಡಗಳು, ಒಂದು ಪ್ರಭೇದವನ್ನು ಬಿಟ್ಟರೆ, ಎಲ್ಲವೂ ಅಮೆರಿಕ ಖಂಡಗಳಿಗೆ ಸೇರಿದವು. ಹದಿನಾರನೆಯ ಶತಮಾನಕ್ಕಿಂತ ಮೊದಲು ಅವು ಇಲ್ಲಿರುವುದು ಸಾಧ್ಯವಿರಲಿಲ್ಲ. ಹಳಗನ್ನಡ ಮತ್ತು ನಡುಗನ್ನಡದ ಕವಿಗಳು ಕಳ್ಳಿಯೆಂದಾಗ ಅವರ ಕಣ್ಣೆದುರಿಗಿದ್ದುದು ಸಂಸ್ಕೃತದ ಸ್ನುಹಿ, ಮುರಿದರೆ ಹಾಲು ಸುರಿಸುವ ಯೂಫೋರ್ಬಿಯಾ ಜಾತಿಯ ಗಿಡ. ಎಲೆಗಳ್ಳಿ, ಚದುರಗಳ್ಳಿ, ಮುಂಡುಗಳ್ಳಿಗಳೆಲ್ಲ ಈ ಬಳಗ. ಹಳೆಯ ಪಠ್ಯಗಳಿಗೆ ಅರ್ಥಕೋಶ ಬರೆಯುವ ಸಂಶೋಧಕ ಮಿತ್ರರು ಕಳ್ಳಿಗೆ 'ಕ್ಯಾಕ್ಟಸ್' ಎಂದು ಅರ್ಥ ಕೊಡುವುದನ್ನು ಈಗಲೂ ಕಾಣುತ್ತೇನೆ. ಅದು ಪಂಪನ ಕಾಲದ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇಟ್ಟಂತೆ. ಕ್ಯಾಕ್ಟಸ್ ಮುರಿದರೆ ಹಾಲು ಬರುವುದಿಲ್ಲ (ಕೆಲವೇ ಅಪವಾದಗಳುಂಟು), ನೀರಿನಂಥ ಲೋಳೆ ಒಸರುತ್ತದೆ. ಅದರ ಮುಳ್ಳುಗಳು ಹತ್ತಿಯಂಥ ಸಣ್ಣ ಗದ್ದುಗೆಗಳಿಂದ ಗೊಂಚಲಾಗಿ ಏಳುತ್ತವೆ. ಹೊರನಾಡಿನ ಗಿಡ ಬಂದಾಗ ನಮ್ಮವರು ಮುಳ್ಳನ್ನು ನೋಡಿ ಹಳೆಯ ಹೆಸರನ್ನೇ ಅದಕ್ಕೂ ಹಬ್ಬಿಸಿದರು. ಚಪ್ಪಟೆ ದಳದ ಜಾತಿ ಪಾಪಾಸುಕಳ್ಳಿಯಾಯಿತು. ಪಾಪಾಸು ಎಂದರೆ ಪಾದರಕ್ಷೆ, ಪಾರಸಿಯಿಂದ ಬಂದ ಶಬ್ದ. ಅಮೆರಿಕದ ಗಿಡ, ಪಾರಸಿಯ ವಿಶೇಷಣ, ದ್ರಾವಿಡ ನಾಮಪದ: ಒಂದೇ ಸಮಾಸದಲ್ಲಿ ಮೂರು ನಾಡು.

ಆ ಪಾಪಾಸುಕಳ್ಳಿಯದೂ ತಪ್ಪು ಓದಿನ ಕಥೆಯೇ. ಈಸ್ಟ್ ಇಂಡಿಯಾ ಕಂಪನಿಯವರು ಕೆಂಪು ಬಣ್ಣ ಕೊಡುವ ಕೋಚಿನೀಲ್ ಕೀಟವನ್ನು ಅದರ ಮೇಲೆ ಸಾಕಬೇಕೆಂದು ಹಂಬಲಿಸಿದರು. 1795ರಲ್ಲಿ ಬ್ರೆಜಿಲ್‌ನಿಂದ ಕೀಟ ಬಂದಿತು. ಆದರೆ ಬಂದದ್ದು ಬೇಕಾದ ಜಾತಿಯಲ್ಲ, ಅದರ ದಾಯಾದಿ. ಅದು ಒಳ್ಳೆಯ ಬಣ್ಣ ಕೊಡಲಿಲ್ಲ, ಗಿಡವನ್ನು ಮಾತ್ರ ತಿಂದುಹಾಕಿತು. ಮುಂದಿನ ಶತಮಾನದಲ್ಲಿ ಅದೇ ಕೀಟವನ್ನು ಕಳ್ಳಿಯ ಹಾವಳಿ ತಗ್ಗಿಸುವುದಕ್ಕೆಂದೇ ದಕ್ಷಿಣಕ್ಕೆ ತಂದರು. ಅದಕ್ಕೆ ಬಗ್ಗದ ಇನ್ನೊಂದು ಕಳ್ಳಿಗಾಗಿ 1926ರಲ್ಲಿ ಸಿಂಹಳದಿಂದ ಬೇರೆ ಕೀಟ ಬಂದಿತು.

ಇವನ್ನೆಲ್ಲ ನಾನು ಅಂದು ಅವ್ವನಿಗೆ ವಿವರಿಸಿದೆನೆಂದು ಓದುಗರು ಊಹಿಸಬಹುದು. ಹೌದು, ವಿವರಿಸಿದೆ. ಅವಳು ಕೇಳಿಸಿಕೊಂಡು, ಒಡೆದ ಗಡಿಗೆಯೊಂದರಲ್ಲಿ ಎರೆಮಣ್ಣು ತುಂಬಿ ತುಂಡನ್ನು ಊರಿ, ಪಡಸಾಲೆಯ ಪಡುವಣ ಕಿಟಕಿಯಲ್ಲಿಟ್ಟಳು.

ಎರೆಮಣ್ಣು ಕಳ್ಳಿಗೆ ಹಗೆ. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಬೇಕಾದುದು ಮಸಾರಿ ಮಣ್ಣು, ಉರುಟು ಉಸುಕು, ಇಟ್ಟಿಗೆಯ ಚೂರು. ನಮ್ಮ ಊರಿನ ಸುತ್ತ ಎರೆಯೇ ಹೆಚ್ಚು. ಮಸಾರಿ ಬೇಕೆಂದರೆ ಧಾರವಾಡವನ್ನು ದಾಟಿ ಪಡುವಲಿಗೆ ಹೋಗಬೇಕು. ಹಾಗಿದ್ದೂ ಗಿಡ ಬದುಕಿತು. ಕಾರಣ ಅವ್ವನ ಕ್ರಮ: ಕುಂಡದ ಮಣ್ಣು ಹೊಲದ ಮಣ್ಣಿನಂತೆ ಬಿರಿತು ಕಿರುಬೆರಳು ಹೋಗುವಷ್ಟು ಸೀಳಾದಾಗ ಮಾತ್ರ ಅರ್ಧ ತಂಬಿಗೆ ನೀರು. ಮಳೆಗಾಲದ ನಾಲ್ಕು ತಿಂಗಳು ಅದೂ ಇಲ್ಲ. ಒಕ್ಕಲುತನದ ಹೆಣ್ಣುಮಗಳಿಗೆ ಮಣ್ಣಿನ ಬಾಯಾರಿಕೆ ಗೊತ್ತಿತ್ತು, ಅಷ್ಟೆ.

ಗಿಡ ಬಾಗತೊಡಗಿದ್ದು ಎರಡನೆಯ ವರ್ಷದಿಂದ. ಒಂದೇ ದಿಕ್ಕಿನಿಂದ ಬೆಳಕು ಬೀಳುವಲ್ಲಿ ಯಾವ ಗಿಡವಾದರೂ ಬಾಗುತ್ತದೆ. ಬೆಳೆಯುವ ತುದಿಯಲ್ಲಿ ಉಂಟಾಗುವ ಆಕ್ಸಿನ್ ಎಂಬ ಚೋದಕ ನೆರಳಿನ ಮಗ್ಗುಲಿಗೆ ಸರಿಯುತ್ತದೆ, ಅಲ್ಲಿನ ಕೋಶಗಳು ಹೆಚ್ಚು ಉದ್ದವಾಗುತ್ತವೆ, ಕಾಂಡ ಬೆಳಕಿನ ಕಡೆಗೆ ಮಣಿಯುತ್ತದೆ. ಬೆಳಕನ್ನು ಗ್ರಹಿಸುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ ಎಂಬುದನ್ನು ಡಾರ್ವಿನ್ ಮತ್ತು ಅವನ ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆಗಳ ತುದಿಗೆ ಟೋಪಿ ತೊಡಿಸಿ ಕಂಡುಕೊಂಡು 1880ರ ತಮ್ಮ ಗ್ರಂಥದಲ್ಲಿ ಬರೆದರು. ಕಳ್ಳಿಯ ವಿಶೇಷವೆಂದರೆ ಅದರ ನಿಧಾನ. ಬಾಗಿದ ಭಾಗ ಬಲಿತು ಗಟ್ಟಿಯಾಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಹೊಸ ಬೆಳವಣಿಗೆ ಮಾತ್ರ ಹೊಸ ದಿಕ್ಕನ್ನು ಹಿಡಿಯುತ್ತದೆ. ಆದ್ದರಿಂದಲೇ ಬಲ್ಲವರು ಕುಂಡವನ್ನು ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸುತ್ತಾರೆ. ನಾವು ತಿರುಗಿಸಲಿಲ್ಲ. ಒಮ್ಮೆ ತಿರುಗಿಸಲು ಹೋದಾಗ ಅವ್ವ, "ಇರ್ಲಿ ಬಿಡೋ, ಅದು ಕಿಡಕಿ ಕಡೆ ಹೊಂಟೈತಿ" ಎಂದು ತಡೆದಳು.

ನನಗೆ ಮಾತ್ರ ಅದನ್ನು ನೋಡಿದಾಗಲೆಲ್ಲ ಏನೋ ಇರಿಸುಮುರಿಸು. ಇದರಲ್ಲಿ ಭಾಷೆಯ ಪಾತ್ರವೂ ಇದೆಯೆಂದು ತೋರುತ್ತದೆ. ನೇರ, ನೆಟ್ಟಗೆ, ಸರಳ ಇವು ಆಕಾರವನ್ನು ಹೇಳುವ ಮಾತುಗಳೂ ಹೌದು, ನಡತೆಯನ್ನು ಮೆಚ್ಚುವ ಮಾತುಗಳೂ ಹೌದು. ಡೊಂಕು, ಸೊಟ್ಟ, ಕೊಂಕು, ವಕ್ರ ಇವುಗಳಿಗೆ ಅಂಟಿಕೊಂಡ ಬೈಗುಳನ್ನು ಬಿಡಿಸುವುದು ಕಷ್ಟ. (ಡೊಂಕು ಎಂದೊಡನೆ ಬಸವಣ್ಣನವರ ವಚನವನ್ನು ಉದ್ಧರಿಸುವುದು ನಮ್ಮ ವೃತ್ತಿಯ ಚಾಳಿ, ಓದುಗರ ಬಾಯಲ್ಲಿ ಅದು ಈಗಾಗಲೇ ಬಂದಿರುವುದರಿಂದ ನಾನು ಬರೆಯುವುದಿಲ್ಲ.) ಜೈನ ಪರಂಪರೆಯಲ್ಲಿಯೂ ಹೀಗೆಯೇ. ದಶಧರ್ಮಗಳಲ್ಲಿ ಒಂದಾದ ಆರ್ಜವ ಎಂಬುದು ಋಜು ಎಂಬ ಶಬ್ದದಿಂದ ಹುಟ್ಟಿದುದು. ಋಜು ಎಂದರೆ ನೆಟ್ಟಗಿರುವುದು. ಅದಕ್ಕೆ ಎದುರಾದ ಮಾಯಾಕಷಾಯವನ್ನು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ವಕ್ರತೆಯ ನಾಲ್ಕು ಅಳತೆಗಳಿಂದ ವಿವರಿಸುತ್ತಾರೆ: ಬಿದಿರಿನ ಬೇರು, ಟಗರಿನ ಕೊಂಬು, ನಡೆಯುತ್ತ ಹಸು ಬಿಟ್ಟ ಗಂಜಲದ ಗೆರೆ, ಕೊನೆಗೆ ಕುರ್ಪಿ. ಬಿದಿರ ಬೇರಿನಷ್ಟು ಹೆಣೆದುಕೊಂಡ ಮಾಯೆ ನರಕಗತಿಗೆ, ಹೀಗೆ ಕ್ರಮವಾಗಿ ತಿರ್ಯಕ್, ಮನುಷ್ಯ, ದೇವಗತಿಗಳಿಗೆ. ಈ ಗ್ರಂಥಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡ ವೃತ್ತಿಯನ್ನು ಬರೆದು ಮುಗಿಸಿದನೆಂಬುದು ನಮ್ಮ ಗದ್ಯಚರಿತ್ರೆಯ ದೊಡ್ಡ ಸಂಗತಿ. ನಮ್ಮ ಪಠ್ಯಕ್ರಮಗಳು ಅದನ್ನು ಒಂದು ಸಾಲಿನಲ್ಲಿ ಮುಗಿಸುವುದು ದೊಡ್ಡ ಅನ್ಯಾಯ.

ಈ ಭಾಗವನ್ನು ಓದುವಾಗಲೆಲ್ಲ ನನಗೊಂದು ಸಂದೇಹ ಹುಟ್ಟುತ್ತಿತ್ತು. ಏಕೇಂದ್ರಿಯ ಜೀವಕ್ಕೂ ಕಷಾಯಗಳುಂಟೆಂಬುದು ಸಿದ್ಧಾಂತ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಬಿದಿರಿನ ಬೇರು ಇಲ್ಲಿ ದೃಷ್ಟಾಂತವಷ್ಟೇ, ಆರೋಪಿಯಲ್ಲ. ಬೇರು ಡೊಂಕಾದುದು ಕಲ್ಲನ್ನು ಬಳಸಿಕೊಂಡು ಹೋದುದರಿಂದ. ಗಂಜಲದ ಗೆರೆ ಡೊಂಕಾದುದು ಹಸು ನಿಲ್ಲದೆ ನಡೆದುದರಿಂದ. ಹಸು ಯಾವ ಹಾದಿಯಲ್ಲಿ ಹೇಗೆ ನಡೆಯಿತೆಂಬುದನ್ನು ತಿಳಿಯಬೇಕೆನ್ನುವವನಿಗೆ ಆ ಗೆರೆಗಿಂತ ಒಳ್ಳೆಯ ಸಾಕ್ಷ್ಯ ಬೇರೊಂದಿಲ್ಲ. ಇಷ್ಟು ಯೋಚಿಸಿದವನು ಕಳ್ಳಿಯ ಮುಂದೆ ನಿಂತಾಗ ಅದನ್ನು ಮರೆತದ್ದು ಹೇಗೆ ಎಂದು ಕೇಳಿದರೆ ಉತ್ತರವಿಲ್ಲ.

2007ರ ಹೊತ್ತಿಗೆ ಅವ್ವನಿಗೆ ಮೊಣಕಾಲು ಬೇನೆ ಹೆಚ್ಚಿತು. ಪಡುವಣ ಕಿಟಕಿಯ ಕೆಳಗಿನ ನೆಲದ ಮೇಲೆ ಕೂರಲಾಗದೆ ಮೂಡಣ ಕಿಟಕಿಯ ಬಳಿಯ ಮಂಚಕ್ಕೆ ಅವಳ ಬಿಡಾರ ಬದಲಾಯಿತು. ಎಲೆ ಅಡಿಕೆಯ ಚೀಲ, ಕನ್ನಡಕ, ಕಳ್ಳಿಯ ಕುಂಡ ಮೂರೂ ಜೊತೆಗೆ ಬಂದವು. ಗಿಡ ಈಗ ಎದುರು ದಿಕ್ಕಿಗೆ ಹೊರಳಿ ಬೆಳೆಯತೊಡಗಿತು. 2019ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕದ ಉದ್ದಗಲಕ್ಕೂ ಮಳೆ ಹಿಡಿದು ಜಿಲ್ಲೆಯಲ್ಲಿ ಎಷ್ಟೋ ಮಣ್ಣಿನ ಮನೆಗಳು ಕುಸಿದವು. ನಮ್ಮ ಮಾಳಿಗೆ ಬೀಳಲಿಲ್ಲ, ಆದರೆ ಸೋರಿತು. ಪಡಸಾಲೆಯ ಒಂದು ಗೋಡೆ ಒಳಕ್ಕೆ ಉಬ್ಬಿ ನಿಂತಿತು. ಅವ್ವನನ್ನೂ ಸಾಮಾನುಗಳನ್ನೂ ಕಿಟಕಿಯಿಲ್ಲದ ಒಳಕೋಣೆಗೆ ಸಾಗಿಸಿದೆವು. ಗೋಡೆ ರಿಪೇರಿಯಾಗಲು ನಾಲ್ಕು ತಿಂಗಳು ಹಿಡಿಯಿತು. ಮಾಳಿಗೆಯ ಬೆಳಕಿಂಡಿಯೊಂದರಿಂದ ಇಳಿಯುವ ಬೆಳಕಿನ ಕೋಲು ಬಿಟ್ಟರೆ ಅಲ್ಲಿ ಕತ್ತಲೆ. ಆ ತಿಂಗಳುಗಳಲ್ಲಿ ಗಿಡದ ತುದಿ ಬೆಳಕನ್ನು ಹುಡುಕುತ್ತ ಮೇಲಕ್ಕೆ ಚಾಚಿತು: ತೆಳ್ಳಗೆ, ಬಿಳಿಚಿಕೊಂಡು, ಹೆಬ್ಬೆರಳಿನ ದಪ್ಪದ ಕುತ್ತಿಗೆಯಂತೆ. ಮತ್ತೆ ಪಡಸಾಲೆಗೆ ಬಂದ ಮೇಲೆ ಆ ಕುತ್ತಿಗೆಯ ಮೇಲೆ ಮೊದಲಿನ ದಪ್ಪದ ತಲೆ ಬೆಳೆಯಿತು. ಸಪುರವಾದುದು ಸಪುರವಾಗಿಯೇ ಉಳಿಯಿತು.

2020ರ ಚಳಿಗಾಲದಲ್ಲಿ ಅವ್ವ ತೀರಿಕೊಂಡಳು.

ಎರಡು ವರ್ಷದ ಬಳಿಕ, ಒಂದು ಭಾನುವಾರ, ಮೂರೂವರೆ ಅಡಿಯ ಆ ಗಿಡ ಕುಂಡವನ್ನೇ ಉರುಳಿಸುವಂತೆ ಓರೆಯಾಗಿರುವುದನ್ನು ಕಂಡು ಇನ್ನು ತಡಮಾಡಬಾರದೆಂದು ನಿಶ್ಚಯಿಸಿದೆ. ಒಂದು ಬಿದಿರ ಕೋಲು, ಹಳೆಯ ಧೋತರದ ಪಟ್ಟಿಗಳು, ಕೈಗೆ ಗೋಣಿಚೀಲ. ವಿಧಾನ ತಪ್ಪಾಗಿರಲಿಲ್ಲ; ಮೆತ್ತನೆಯ ಬಟ್ಟೆಯಿಂದ ಕಟ್ಟಬೇಕು, ತಿಂಗಳಿಗೆ ಬೆರಳಗಲದಷ್ಟೇ ಎಳೆಯಬೇಕು ಎಂದು ತಿಳಿದೇ ಇತ್ತು. ಸುಲಭದ ದಾರಿಯೂ ಇತ್ತು: ಭಾರದ ಅಗಲ ಕುಂಡಕ್ಕೆ ವರ್ಗಾಯಿಸಿ, ಬುಡವನ್ನೇ ಕೊಂಚ ಓರೆಯಾಗಿ ನೆಟ್ಟಿದ್ದರೆ ತೂಕ ನಡುವಿಗೆ ಬರುತ್ತಿತ್ತು. ನಾನು ಒಂದೇ ದಿನದಲ್ಲಿ ನೆಟ್ಟಗೆ ಮಾಡಲು ಹೋದೆ. ಮೂರನೆಯ ಗಂಟು ಬಿಗಿಯುವಾಗ ಸೌತೆಕಾಯಿ ಮುರಿದಂಥ ಸದ್ದಾಯಿತು. ಕತ್ತಲೆಕೋಣೆಯ ಆ ನಾಲ್ಕು ತಿಂಗಳ ಕುತ್ತಿಗೆಯಲ್ಲಿಯೇ ಅದು ಮುರಿದಿತ್ತು.

ಮುಂದಿನ ಆರೈಕೆಯನ್ನು, ಇಂಥ ಗಿಡ ಮನೆಯಲ್ಲಿರುವವರಿಗೆ ಉಪಯೋಗವಾದೀತೆಂದು, ಹೇಳಿಬಿಡುತ್ತೇನೆ. ಮುರಿದ ಎರಡೂ ಮುಖಗಳನ್ನು ಹರಿತವಾದ ಚಾಕುವಿನಿಂದ ಸಮವಾಗಿ ಕೊಯ್ದು, ತಲೆಯನ್ನು ನೆರಳಿನಲ್ಲಿ ಹದಿನೈದು ದಿನ ಒಣಗಲು ಬಿಟ್ಟೆ. ಗಾಯ ಬಿರುಸಾಗಿ ಮುಚ್ಚಿಕೊಂಡ ಮೇಲೆ ಮಸಾರಿ, ಉಸುಕು ಬೆರೆಸಿದ ಒಣ ಕುಂಡದಲ್ಲಿ ಊರಿದೆ. ಬೇರು ಬರುವವರೆಗೆ ನೀರು ಹಾಕಬಾರದು. ಈ ನಿಯಮವನ್ನು ಪಾಲಿಸುವುದು ಬಲು ಕಷ್ಟ, ತಪ್ಪು ಮಾಡಿದವನ ಕೈ ಮತ್ತೆಮತ್ತೆ ತಂಬಿಗೆಯ ಕಡೆ ಹೋಗುತ್ತದೆ. ಎರಡು ತಿಂಗಳಿಗೆ ಬೇರು ಹಿಡಿಯಿತು. ಬುಡವನ್ನು ಹಾಗೆಯೇ ಬಿಟ್ಟೆ; ಮುಂದಿನ ಬೇಸಿಗೆಯಲ್ಲಿ ಕೊಯ್ದ ಅಂಚಿನ ಕೆಳಗೆ, ಮುಳ್ಳಿನ ಗದ್ದುಗೆಗಳಿಂದ, ಮೂರು ಮರಿಗಳು ಎದ್ದವು.

ಆ ಹದಿನೈದು ದಿನಗಳಲ್ಲಿ, ಮಾಡಲು ಬೇರೇನೂ ಇಲ್ಲದೆ, ನಾನು ಬುಡವನ್ನು ನೋಡುತ್ತ ಕೂರುತ್ತಿದ್ದೆ. ಕಾಂಡವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಏಕೆಂದರೆ ಅದು ಬೆಳೆದದ್ದು ಆ ಕ್ರಮದಲ್ಲಿ. ಮೊದಲ ಒಂದು ಅಡಿ ಪಡುವಣಕ್ಕೆ ಬಾಗಿದೆ: ಅವ್ವ ನೆಲದ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದ ವರ್ಷಗಳು. ನಂತರ ಒಂದೂಕಾಲು ಅಡಿ ಮೂಡಣಕ್ಕೆ ಹೊರಳಿದೆ: ಮಂಚ, ಕನ್ನಡಕ, ಮೊಣಕಾಲಿಗೆ ಕಟ್ಟಿದ ಎಕ್ಕದೆಲೆ. ಅದರ ಮೇಲೆ ಕುತ್ತಿಗೆ, ಅಂದರೆ ಕೊಯ್ದ ಗಾಯ. ಹೊರಳುವ ಜಾಗದಲ್ಲಿ ಏಣುಗಳು ಕೊಂಚ ತಿರುಚಿಕೊಂಡಿವೆ. ಮಂಚಕ್ಕೆ ಬಂದ ಹೊಸತರಲ್ಲಿ ಅವಳು ಕೆಲವು ದಿನ ಹಟ ಮಾಡಿ ಹಳೆಯ ಜಾಗಕ್ಕೇ ಹೋಗಿ ಕೂರುತ್ತಿದ್ದಳು, ಕುಂಡವನ್ನೂ ಒಯ್ಯಲು ಹೇಳುತ್ತಿದ್ದಳು. ಅವ್ವ ತನ್ನ ಬದುಕಿನ ಕೊನೆಯ ಇಪ್ಪತ್ತೆರಡು ವರ್ಷ ಈ ಮನೆಯಲ್ಲಿ ಎಲ್ಲಿ ಕುಳಿತಿದ್ದಳೆಂಬುದಕ್ಕೆ ಇದ್ದ ಬರವಣಿಗೆ ಅದೊಂದೇ. ಓದು ಬಾರದ ಹೆಂಗಸಿನ ಬಗ್ಗೆ ಓದಿದ ಮಗ ಒಂದು ಸಾಲನ್ನೂ ಬರೆದಿಟ್ಟಿರಲಿಲ್ಲ.

ಇಲ್ಲ, ಬರೆದಿದ್ದೆ. ಬರೆದು ತಿದ್ದಿದ್ದೆ. ಈ ಲೇಖನ ಬರೆಯಲು ಕುಳಿತದ್ದೇ ಆ ಮಾತನ್ನು ಹೇಳುವುದಕ್ಕೆ.

ನನ್ನ ಪಿಎಚ್.ಡಿ. ಅಧ್ಯಯನ ಬೀಸುವ ಪದಗಳ ಮೇಲೆ. ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಹೊರತಂದಂದಿನಿಂದ ಈ ಭಾಗದಲ್ಲಿ ಆ ಕೆಲಸಕ್ಕೆ ಒಂದು ಗೌರವವಿದೆ. ನಾನೂ ಆ ಸಾಲಿನ ಕೊನೆಯಲ್ಲಿ ನಿಂತವನು. 1997ರಲ್ಲಿ ಅವ್ವನಿಂದ ನಲವತ್ತಕ್ಕೂ ಹೆಚ್ಚು ತ್ರಿಪದಿಗಳನ್ನು ಬರೆದುಕೊಂಡೆ. ಸುಮ್ಮನೆ ಕೂರಿಸಿ ಹಾಡೆಂದರೆ ಅವಳಿಗೆ ಪದಗಳು ಬರುತ್ತಿರಲಿಲ್ಲ. ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷವಾಗಿ ಮೂಲೆ ಸೇರಿದ್ದ ಬೀಸುಕಲ್ಲನ್ನು ಎಳೆದು ತಂದು, ಕಾಳಿಲ್ಲದೆ ಬರಿದೇ ತಿರುಗಿಸಹೇಳಿದೆ. ಗೂಟ ಕೈಗೆ ಸಿಕ್ಕೊಡನೆ ಪದ ಹರಿದು ಬಂದಿತು. ಎರವಲು ತಂದ ಟೇಪ್ ರೆಕಾರ್ಡರ್, ಎರಡೇ ಕ್ಯಾಸೆಟ್ಟು. ಒಂದು ಊರಿನ ಹಾಡುಗಳನ್ನು ಕೇಳಿ ಬರೆದುಕೊಂಡ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನ ಊರಿನವರ ಹಾಡು. ಅವ್ವನ ದನಿ ಆ ಬಗೆಯಲ್ಲಿ ಅಳಿಸಿಹೋಯಿತು. ಮೊದಲ ಕಚ್ಚಾ ಟಿಪ್ಪಣಿ ಪುಸ್ತಕ 2019ರ ಆ ಮಳೆಯಲ್ಲಿ ನೆನೆದು ಮುದ್ದೆಯಾಯಿತು. ಉಳಿದಿರುವುದು 2002ರಲ್ಲಿ ಅಚ್ಚಾದ ನನ್ನ ಸಂಕಲನವೊಂದೇ.

ಅಚ್ಚಿಗೆ ಕೊಡುವ ಮೊದಲು ನಾನು ಪದಗಳನ್ನು 'ಸರಿಪಡಿಸಿದೆ'. ಆಡುಮಾತಿನ ರೂಪಗಳನ್ನು ಬಹುಮಟ್ಟಿಗೆ ಉಳಿಸಿದೆನೆಂದು ಪ್ರಸ್ತಾವನೆಯಲ್ಲಿ ಜಂಬದಿಂದ ಬರೆದೆ. 'ಬಹುಮಟ್ಟಿಗೆ' ಎಂಬ ಶಬ್ದದ ಹಿಂದೆ ಎಷ್ಟೋ ಸಂಗತಿಗಳು ಅಡಗಿದ್ದವು. ಒಂದು ತ್ರಿಪದಿಯಲ್ಲಿ, ಮುಂಜಾವಿನಲ್ಲಿ ಬೀಸುವ ಹೆಣ್ಣು ಮಾಳಿಗೆಯಿಂದ ಇಳಿಯುವ ಬೆಳಕಿಗೆ ತವರಿನ ಸುದ್ದಿ ಕೇಳುತ್ತಾಳೆ. ಅದರ ಎರಡನೆಯ ಸಾಲಿನಲ್ಲಿ ಅವ್ವ ಹಾಡಿದ ಒಂದು ಶಬ್ದ ನನಗೆ ತಿಳಿಯಲಿಲ್ಲ. ಕಿಟೆಲ್ ನಿಘಂಟಿನಲ್ಲಿಯೂ ಸಿಕ್ಕಲಿಲ್ಲ. ಮರೆತು ಏನೋ ಹಾಡಿದ್ದಾಳೆಂದು ತೀರ್ಮಾನಿಸಿ, ಸಂದರ್ಭಕ್ಕೆ ಹೊಂದುವಂತೆ 'ಬೆಳಕಿಂಡಿ' ಎಂದು ಹಾಕಿದೆ. ಪುಸ್ತಕ ಬಂದ ದಿನ ಅವಳ ಮುಂದೆ ಕುಳಿತು ಓದಿ ತೋರಿಸಿದೆ. ಆ ಸಾಲಿಗೆ ಬಂದಾಗ ಅವಳು ತಲೆಯಾಡಿಸಿ, "ನಾ ಹಾಡಿದ್ದು ಹಂಗಲ್ಲೋ" ಎಂದಳು. "ಅವ್ವಾ, ಅರ್ಥ ಅದ ಆಗತೈತಿ" ಎಂದೆ. ಅವಳು ಕೊಂಚ ಹೊತ್ತು ಸುಮ್ಮನಿದ್ದು, "ಅರ್ಥ ಆಗತೈತಿ, ಖರೆ" ಎಂದಳು. ನಾನು ಮುಂದಿನ ಪದಕ್ಕೆ ಹೋದೆ. ಹಾಗಾದರೆ ನೀನು ಹಾಡಿದ್ದೇನು ಎಂದು ಕೇಳಲಿಲ್ಲ. ಮುಂದಿನ ಹದಿನೆಂಟು ವರ್ಷಗಳಲ್ಲಿಯೂ ಕೇಳಲಿಲ್ಲ.

ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ಆಧರಿಸಿ ನಾನು ಎಷ್ಟೋ ವರ್ಷ ಎಂ.ಎ. ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೇನೆ. ಎರಡು ಪಾಠಗಳಿದ್ದಾಗ ಕ್ಲಿಷ್ಟವಾದುದೇ ಮೂಲಕ್ಕೆ ಹತ್ತಿರವಿರುವ ಸಂಭವ ಹೆಚ್ಚು. ಲಿಪಿಕಾರನು ಕಷ್ಟವಾದುದನ್ನು ಸುಲಭಗೊಳಿಸುತ್ತಾನೆಯೇ ಹೊರತು ಸುಲಭವನ್ನು ಕಷ್ಟಗೊಳಿಸುವುದಿಲ್ಲ. ಅಹಂಕಾರಿಯಾದ, ಅರೆತಿಳಿದ ಲಿಪಿಕಾರ ದಡ್ಡ ಲಿಪಿಕಾರನಿಗಿಂತ ಅಪಾಯಕಾರಿ ಎಂದು ನಗುತ್ತ ಹೇಳುತ್ತಿದ್ದೆ. ಆ ಲಿಪಿಕಾರನ ಮುಖ ಕಂಡದ್ದು ಮುರಿದ ಕಳ್ಳಿಯ ಮುಂದೆ.

ಈಗ ಉಳಿದಿರುವ ಆಧಾರ ಛಂದಸ್ಸೊಂದೇ. ತ್ರಿಪದಿಗೆ ಹನ್ನೊಂದು ಅಂಶಗಣಗಳು. ಆರನೆಯ ಮತ್ತು ಹತ್ತನೆಯ ಗಣಗಳು ಬ್ರಹ್ಮಗಣ, ಉಳಿದವು ವಿಷ್ಣುಗಣ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ನಮ್ಮ ಓಣಿಯ ಬೀಸುಕಲ್ಲಿನವರೆಗೆ ಸುಮಾರು ಸಾವಿರದ ಮುನ್ನೂರು ವರ್ಷ ಈ ನಡಿಗೆ ಉಳಿದು ಬಂದಿದೆ. ಹಾಡುವಾಗ ಎಳೆದೋ ಒತ್ತಿಯೋ ಸಡಿಲಗೊಂಡರೂ ಅವ್ವನ ಪದಗಳಲ್ಲಿ ಆರನೆಯ ಗಣ ತಪ್ಪುವುದು ವಿರಳ. ನಾನು ಅಚ್ಚು ಮಾಡಿಸಿದ ಸಾಲಿನಲ್ಲಿ ಅದು ತಪ್ಪಿದೆ. 'ಬೆಳ' ಒಂದು ಅಂಶ, 'ಕಿಂ' ಒಂದು, 'ಡಿ' ಒಂದು: ಮೂರು ಅಂಶದ ವಿಷ್ಣುಗಣವನ್ನು ಎರಡು ಅಂಶದ ಜಾಗದಲ್ಲಿ ತುರುಕಿದ್ದೇನೆ. ಹಾಡಿ ನೋಡಿದರೆ ಅಲ್ಲಿ ಕಲ್ಲು ತಡೆಯುತ್ತದೆ. ನೆಟ್ಟಗಿದ್ದ ಸಾಲನ್ನು ಸೊಟ್ಟ ಮಾಡಿದ್ದು ನನ್ನ ತಿದ್ದುಪಡಿ.

ಹಾಗಾದರೆ ಕಳೆದುಹೋದ ಶಬ್ದ ಎರಡು ಅಂಶದ್ದು. 'ಕಿಂಡಿ' ಎಂದು ಹಾಕಿಬಿಡಬಹುದು, ಲೆಕ್ಕ ಸರಿಹೋಗುತ್ತದೆ ಎಂದು ವಿದ್ಯಾರ್ಥಿಯೊಬ್ಬ ಸೂಚಿಸಿದ. ಆದರೆ ಅವ್ವ ಕಿಂಡಿ ಎಂದಿದ್ದರೆ ನನಗೆ ತಿಳಿಯುತ್ತಿತ್ತು. ತಿಳಿಯದ್ದರಿಂದಲೇ ತಾನೆ ತಿದ್ದಿದ್ದು? ನನ್ನ ಅಂದಿನ ಅಜ್ಞಾನವೇ ಇಂದು ಒಂದು ಪ್ರಮಾಣ. ಓಣಿಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿದೆ. ಇಬ್ಬರಿಗೆ ಆ ಪದವೇ ನೆನಪಿರಲಿಲ್ಲ. ಮೂರನೆಯವರು, ಅವ್ವನ ವಾರಿಗೆಯವರು, ತಕ್ಷಣ ಹಾಡಿದರು. ನಾನು ಉಸಿರು ಬಿಗಿಹಿಡಿದು ಕೇಳಿದೆ. ಎರಡನೆಯ ಸಾಲಿನಲ್ಲಿ ಅವರು ಸ್ಪಷ್ಟವಾಗಿ 'ಬೆಳಕಿಂಡಿ' ಎಂದರು. ಹಾಗಾದರೆ ನಾನೇ ಸರಿಯೇ ಎಂದು ಒಂದು ಕ್ಷಣ ಹಗುರಾದೆ. "ಈ ಪದ ಯಾರ ಕಡಿಂದ ಕಲಿತಿರಿ, ದೊಡ್ಡವ್ವಾ?" ಎಂದು ಕೇಳಿದರೆ, "ಮೊಮ್ಮಗಳು ಸಾಲಿ ಗ್ಯಾದರಿಂಗಿಗೆ ಪಾಠ ಮಾಡಾಕತ್ತಿದ್ಲಪಾ, ನಿನ್ನ ಪುಸ್ತಕದ್ದಂತ" ಎಂದರು. ಹಾಡುವಾಗ ಆ ಜಾಗದಲ್ಲಿ ಅವರೂ ಕೊಂಚ ಎಡವಿದ್ದನ್ನು ಆಮೇಲೆ ನೆನಪು ಮಾಡಿಕೊಂಡೆ.

ಸಂಕಲನದ ಮರುಮುದ್ರಣದ ಮಾತು ಬಂದಿದೆ. ಆ ಸಾಲಿನಲ್ಲಿ ನನ್ನ ಶಬ್ದವನ್ನು ತೆಗೆದು ಆರನೆಯ ಗಣದ ಜಾಗದಲ್ಲಿ ಎರಡು ಚುಕ್ಕಿ ಇಡಲು ಹೇಳಿದ್ದೇನೆ. ಮುದ್ರಕರು ಅದನ್ನು ಅಚ್ಚಿನ ದೋಷವೆಂದು ತಿಳಿದು ಎರಡು ಸಲ ಕೇಳಿದರು.

ಮುರಿದ ತಲೆ ಈಗ ತಾರಸಿಯ ಮೇಲೆ, ಸುತ್ತಲೂ ಬಿಸಿಲಿರುವಲ್ಲಿ, ಮೇಣದ ಬತ್ತಿಯಂತೆ ನೆಟ್ಟಗೆ ಬೆಳೆಯುತ್ತಿದೆ. ನೋಡಿದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ, ಚೆನ್ನಾಗಿಯೇ ಇದೆ. ಬುಡವನ್ನು ಮೂಡಣ ಕಿಟಕಿಯಲ್ಲಿ, ಈಗ ಯಾರೂ ಮಲಗದ ಮಂಚದ ಪಕ್ಕದಲ್ಲಿ ಇಟ್ಟಿದ್ದೇನೆ. ಎರೆಮಣ್ಣು ಬಿರಿತಾಗ ಅರ್ಧ ತಂಬಿಗೆ ನೀರು. ಮೂರು ಮರಿಗಳಲ್ಲಿ ಎರಡು ಗಾಜಿನ ಕಡೆಗೆ ವಾಲಿವೆ. ಮೂರನೆಯದು ಬೆನ್ನ ಮಗ್ಗುಲಲ್ಲಿ ಹುಟ್ಟಿದ್ದರಿಂದ ಕಾಂಡವನ್ನು ಬಳಸಿಕೊಂಡು ಸುತ್ತಿ ಬರಬೇಕಾಗಿದೆ. ಈ ಯುಗಾದಿಯ ಹೊತ್ತಿಗೆ ಅರ್ಧದಷ್ಟು ಸುತ್ತಿತ್ತು.